ಹೊರಗಿನಿಂದ ಬೀಗ

ಕಪನೂರಿನ ಬೇಳೆ ಮಿಲ್ಲಿಗೆ ರಾತ್ರಿ ಪಾಳಿಯಲ್ಲಿ
ಹೊರಗಿನಿಂದ ಬೀಗ.
ಒಳಗೆ ನಲವತ್ತೊಂದು ಹೆಂಗಸರು, ತೊಗರಿಯ ಧೂಳು;
ಕೂದಲು, ರೆಪ್ಪೆ, ಕರಿಮಣಿ, ತಂಬಿಗೆ
ಎಲ್ಲಕ್ಕೂ ಒಂದೇ ಹಳದಿ.

ಅವ್ವ ಅಲ್ಲಿ ಬೇಳೆ ಹಸನು ಮಾಡುತ್ತಾಳೆ.
ನಾನು ಗೇಟಿನ ಹತ್ತಿರ, ಮೆಹಬೂಬ ಕಾಕಾನ ಬಲ್ಬಿನ ಕೆಳಗೆ,
ಎಂಎಸ್ಸಿ ಪುಸ್ತಕ ಬಿಚ್ಚಿ ಕೂತವಳು.
ಪ್ರಶ್ನೆ ಹೀಗಿತ್ತು:
ಹೊರಗಿನ ಗಾಳಿ ಸೋಕದ, ಬೆಂಕಿ ತಾಗದ,
ಯಾರೂ ಇಣುಕದ ಒಂದು ಕ್ವಾಂಟಂ ವ್ಯವಸ್ಥೆ
ತನ್ನಷ್ಟಕ್ಕೆ ತಾನೇ ಹೇಗೆ ಹದಕ್ಕೆ ಬರುತ್ತದೆ?
ಅದರ ಸಮೀಕರಣ ಏನನ್ನೂ ಮರೆಯುವುದಿಲ್ಲ.
ಮರೆಯದೆ ಇರುವುದು
ಆರುವುದಾದರೂ ಹೇಗೆ?

ಮೂರು ಸಲ ಓದಿದೆ. ಸೊಳ್ಳೆ ಕಚ್ಚಿತು. ತಿಳಿಯಲಿಲ್ಲ.

ಆ ಸೋಮವಾರ ರಾತ್ರಿ ತಕ್ಕಡಿಯ ಹಿಂದಿನ ಗೋಡೆಯ ಮೇಲೆ
ಖಡುವಿನಿಂದ ಯಾರೋ ಬರೆದರು:
ಈ ತಕ್ಕಡಿ ಸುಳ್ಳು ಹೇಳ್ತದ.
ಅಷ್ಟೇ, ನಾಲ್ಕು ಪದ. ಸೊಟ್ಟ ಅಕ್ಷರ.
ಬೀಗ ಬಿದ್ದ ಮೇಲೆ ಬರೆದದ್ದು,
ಅಂದರೆ ಒಳಗಿನವಳೇ.

ನಾನು ಇಣುಕಿ ನೋಡಿಲ್ಲ, ಇದು ನನ್ನ ಅಂದಾಜು:
ಮೊದಲ ತಾಸು ಅದು ಒಬ್ಬಳಲ್ಲೇ ಇತ್ತು,
ಒಲೆಯಿಂದ ಆಗಷ್ಟೇ ತೆಗೆದ ಕೆಂಡ.
ಅವಳು ಮೊರ ಝಾಡಿಸಿದ ರೀತಿಗೆ
ಪಕ್ಕದ ಲಾಡ್ಲೆಬಿಗೆ ಏನೋ ಹೊಳೆಯಿತು.
ಲಾಡ್ಲೆಬಿ ಕೆಮ್ಮಿದಳು; ಆ ಕೆಮ್ಮು ಸೋನಾಬಾಯಿಗೆ ಗೊತ್ತು.
ಸೋನಾಬಾಯಿ ಜಗದೇವಿಯ ಕಡೆ ನೋಡಲಿಲ್ಲ,
ನೋಡದೆ ಇದ್ದದ್ದೇ ಜಗದೇವಿಗೆ ಸುದ್ದಿ.
ಒಬ್ಬಳಲ್ಲಿ ಅರ್ಧ ನಗೆ,
ಇನ್ನೊಬ್ಬಳಲ್ಲಿ ಆ ನಗೆಗೆ ಕಾರಣ,
ಮತ್ತೊಬ್ಬಳಲ್ಲಿ ಬರೀ ಹೊತ್ತು: ಚಾ ಬರುವ ಮುಂಚೆ, ಅಂತ.
ನಸುಕಿನ ಹೊತ್ತಿಗೆ
ಯಾರ ಬಾಯಲ್ಲೂ ಆ ಮಾತಿಲ್ಲ,
ಇದ್ದರೆ ಅವರವರ ನಡುವೆ.

ಮುನೀಮ ಗುಂಡೇರಾಯ ಬೀಗ ತೆಗೆದ, ಗೋಡೆ ನೋಡಿದ,
ಒಬ್ಬೊಬ್ಬಳನ್ನೇ ಕೋಣೆಗೆ ಕರೆದ.
‘ಯಾರು ಬರ್ದಾರ?’
‘ಗೊತ್ತಿಲ್ರೀ.’
ಎರಡನೆಯವಳು, ಗೊತ್ತಿಲ್ರೀ.
ಹದಿನೇಳನೆಯವಳು, ಮೂವತ್ತನೆಯವಳು,
ಅದೇ ಮಾತು, ಅದೇ ಉಗುರುಬೆಚ್ಚಗಿನ ದನಿ.
ಅದು ಪೂರಾ ಸುಳ್ಳೂ ಅಲ್ಲ.
ಒಬ್ಬಳಲ್ಲೇ ಹುಡುಕಿದರೆ ಅಲ್ಲೇನೂ ಇರಲಿಲ್ಲ,
ಬರೀ ಕಾವು.

‘ಎಲ್ಲಾ ಮರ್ತು ಕುಂತಾವ ನೋಡೋ ಮೆಹಬೂಬ’
ಅಂದು ಅವನು ಎಲಿ ಅಡಿಕಿ ಉಗುಳಿದ.
ನನಗೆ ಲೆಕ್ಕ ಬಿಚ್ಚಿಕೊಂಡದ್ದು ಆಗಲೇ.

ಮರೆತಿಲ್ಲ, ಮುನೀಮ.
ಹೊರಗಿನಿಂದ ಯಾವುದೂ ಬರಬೇಕಾಗಿರಲಿಲ್ಲ,
ಒಬ್ಬೊಬ್ಬಳಿಗೂ ಉಳಿದ ನಲವತ್ತು ಮಂದಿಯೇ ಹೊರಗು.
ತುಣುಕು ಆರಿ ಹದಕ್ಕೆ ಬಂತು,
ಇಡಿಗೆ ಇಡೀ ನೆನಪಿದೆ.
ಅದನ್ನು ಓದಬೇಕೆಂದರೆ ನಲವತ್ತೊಂದು ಮಂದಿಯನ್ನೂ
ಒಂದೇ ಉಸಿರಲ್ಲಿ ಕೇಳಬಲ್ಲ ಕಿವಿ ಬೇಕು,
ಮಿಲ್ಲಿನಷ್ಟೇ ದೊಡ್ಡ ಕಿವಿ.
ಇಲ್ಲವೇ ಕಾಯಬೇಕು,
ಚೆದುರಿದ್ದೆಲ್ಲ ತಿರುಗಿ ಒಂದೇ ಬಾಯಿಗೆ ಬರುವ ತನಕ.
ಪುಸ್ತಕದ ಪ್ರಕಾರ ಅದು ಬಂದೇ ಬರುತ್ತದೆ,
ಆದರೆ ಅಷ್ಟು ಹೊತ್ತಿಗೆ ಸೂರ್ಯನೇ ಇರುವುದಿಲ್ಲ,
ಕಲಬುರಗಿಯ ಸೂರ್ಯ ಕೂಡ.

ಪುಟದ ತಳದಲ್ಲಿ, ಸಣ್ಣ ಅಕ್ಷರದಲ್ಲಿ, ಇನ್ನೊಂದು ಮಾತಿತ್ತು:
ಕೆಲವು ವ್ಯವಸ್ಥೆಗಳು ಹೀಗೆ ಬೆರೆಯುವುದಿಲ್ಲ;
ಎಲ್ಲೋ ಒಂದು ಮೂಲೆ
ತನ್ನ ಮೊದಲ ಗಳಿಗೆಯನ್ನು
ಹಾಗೇ ಹಿಡಿದುಕೊಂಡಿರುತ್ತದೆ.

ಮನೆಗೆ ಬಂದು ಅವ್ವ ಕೈ ತೊಳೆದಳು. ಹಳದಿ ನೀರು ಹರಿಯಿತು.
ರೊಟ್ಟಿ ಮುರಿದು, ಪುಂಡಿಪಲ್ಯ ಹಚ್ಚಿ
ನನ್ನ ಕೈಗೆ ಕೊಡುವಾಗ
ಹೆಬ್ಬೆರಳ ಉಗುರಿನ ಸಂದಿಯಲ್ಲಿ
ಬೆಳ್ಳಗೆ ಒಂದು ಗೆರೆ.

ನಾನು ಕೇಳಲಿಲ್ಲ.
‘ಯಾಕ ಹಂಗ ನೋಡ್ಲಿಕತ್ತಿ? ಉಣ್ಣು’ ಅಂದಳು.

ಈಗ ನಲವತ್ತೆರಡು ಮಂದಿ.